ಓದಿದ್ದನ್ನು ಇನ್ನೊಬ್ಬರು ತಿದ್ದುವ ಜಾಗ: ಇತಿಹಾಸಕಾರರ ಸಂಘಗಳು ಮಾಡುವ ಕೆಲಸ

ಪುಣೆಯ ಕೊಥ್ರೂಡಿನಲ್ಲಿ ನಮ್ಮ ಕಟ್ಟಡದಲ್ಲೇ ಇರುವ, ಮೂಲತಃ ಜಮಖಂಡಿ ಕಡೆಯ ಹಿರಿಯರೊಬ್ಬರು ಕೆಲವು ವರ್ಷಗಳ ಹಿಂದೆ ಕೆಂಪು ಅರಿವೆಯಲ್ಲಿ ಸುತ್ತಿಟ್ಟಿದ್ದ ಕಾಗದವೊಂದನ್ನು ನನ್ನ ಮುಂದೆ ಬಿಚ್ಚಿ, "ನಮ್ಮ ಹಿರೀಕರ ಕಾಲದ ಇನಾಮಿನ ಕಾಗದ ಅಂತಾರ್ರೀ, ಇದರಾಗ ಏನದ ಸ್ವಲ್ಪ ನೋಡ್ರಿ" ಎಂದರು. ಕಾಗದ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿತ್ತು. ಮೋಡಿಯಲ್ಲಿ ಬರೆಯುವವನು ಮೊದಲು ಹಾಳೆಯ ಈ ಅಂಚಿನಿಂದ ಆ ಅಂಚಿನವರೆಗೆ ತಲೆಗೆರೆ ಎಳೆದು, ಆ ಗೆರೆಗೆ ಅಕ್ಷರಗಳನ್ನು ಲೇಖನಿ ಆದಷ್ಟು ಎತ್ತದೆ ತೂಗುಹಾಕುತ್ತ ಹೋಗುತ್ತಾನೆ. ಪದ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ತೋರಿಸುವ ಅಂತರವಿರುವುದಿಲ್ಲ, ಇಕಾರ ಉಕಾರಗಳಲ್ಲಿ ಹ್ರಸ್ವ ದೀರ್ಘಗಳ ಭೇದವನ್ನೂ ಸಾಮಾನ್ಯವಾಗಿ ಪಾಲಿಸುವುದಿಲ್ಲ. ನಾನು ಅಷ್ಟಿಷ್ಟು ಮೋಡಿ ಕಲಿತವನಾದ್ದರಿಂದ ಎರಡು ದಿನ ಹೆಣಗಿ, ವರ್ಷದ ಜಾಗದಲ್ಲಿದ್ದ "ಸಬಾ ಸಬೈನ ಮಯಾ ವ ಅಲಫ" ಎಂಬ ಮಾತನ್ನು ಬಿಡಿಸಿದೆ. ಅದು ಅರಬ್ಬಿ ಸಂಖ್ಯಾವಾಚಕಗಳ ಸಾಲು: ಏಳು, ಎಪ್ಪತ್ತು, ನೂರು, ಸಾವಿರ, ಒಟ್ಟು 1177. ಪೇಶ್ವೆ ಕಾಲದ ಪತ್ರಗಳಲ್ಲಿ ಬಳಕೆಯಲ್ಲಿದ್ದ ಈ ಸುಹೂರ್ ಸನಕ್ಕೆ 600 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆಂದು ನೆನಪಿತ್ತು. 1777 ಎಂದು ಬರೆದುಕೊಂಡು ಸಮಾಧಾನಪಟ್ಟೆ.

ಆ ಸಮಾಧಾನ ಹೆಚ್ಚು ದಿನ ಉಳಿಯಲಿಲ್ಲ. ಹಳೆಯ ಕಾಗದ ಓದುವ ಹವ್ಯಾಸಿಗಳು ಕೂಡುವ ಒಂದು ಕಡೆ ನಕಲು ತೋರಿಸಿದಾಗ, ಮೇಜಿನ ಆಚೆ ಕೂತಿದ್ದ ಹಿರಿಯರು ವರ್ಷವನ್ನು ನೋಡಲೇ ಇಲ್ಲ, ತಿಂಗಳನ್ನು ನೋಡಿದರು. ಶ್ರಾವಣ ಎಂದಿತ್ತು. ಸುಹೂರ್ ಸನ ಜನವರಿಯಲ್ಲಿ ಶುರುವಾಗುವುದಿಲ್ಲ, ಸೂರ್ಯ ಮೃಗಶಿರಾ ನಕ್ಷತ್ರಕ್ಕೆ ಬರುವ ದಿನ ಶುರುವಾಗುತ್ತದೆ. ಆದ್ದರಿಂದಲೇ ಅದಕ್ಕೆ ಮೃಗಸಾಲ ಎಂಬ ಹೆಸರೂ ಇದೆ. ನಮ್ಮ ಕಡೆ ಒಕ್ಕಲಿಗರು ಬಿತ್ತನೆಗೆ ಕಾಯುವ ಮಿರಗದ ಮಳೆಯ ದಿನಗಳೇ ಅವು. ಮಿರಗದಿಂದ ಡಿಸೆಂಬರ್ ಕೊನೆಯವರೆಗಿನ ಕಾಗದಕ್ಕೆ 599, ಅಲ್ಲಿಂದ ಮುಂದಿನ ಮಿರಗದವರೆಗಿನ ಕಾಗದಕ್ಕೆ 600 ಕೂಡಿಸಬೇಕು. ಶ್ರಾವಣದ ಕಾಗದ, ಅಂದರೆ 1776. ಒಂದು ವರ್ಷದ ತಪ್ಪು ದೊಡ್ಡದಲ್ಲ ಎನ್ನಿಸಬಹುದು, ಆದರೆ ಪಾಣಿಪತ್ತಿನ ಕದನ ನಡೆದದ್ದು 1761ರ ಜನವರಿಯಲ್ಲಿ. ಆ ಸನದ, ಅಂದರೆ 1161ರ, ಕಾಗದಗಳಲ್ಲಿ ಇದೇ ತಪ್ಪು ಮಾಡಿದರೆ ಕದನಕ್ಕೆ ಆರು ತಿಂಗಳು ಮೊದಲು ಬರೆದ ಪತ್ರ ಕದನವಾದ ಮೇಲೆ ಬರೆದದ್ದಾಗಿಬಿಡುತ್ತದೆ.

ಇತಿಹಾಸಕಾರರ ವೃತ್ತಿಸಂಘ ಎಂದರೇನು, ಅದು ಏಕೆ ಬೇಕು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಮೇಜಿನ ಆಚೆಯ ಆ ತಿದ್ದುಪಡಿ. ಒಬ್ಬನು ಓದಿದ್ದನ್ನು ಇನ್ನೊಬ್ಬನು ಮೂಲ ಇಟ್ಟುಕೊಂಡು ತಾಳೆ ನೋಡುವುದಕ್ಕೆ ಶಾಶ್ವತವಾದ ವ್ಯವಸ್ಥೆ ಮಾಡುವುದೇ ಇಂಥ ಸಂಘಗಳ ಮುಖ್ಯ ಕೆಲಸ. ಅಧಿವೇಶನ, ಪತ್ರಿಕೆ, ಅಧ್ಯಕ್ಷ ಭಾಷಣ, ಠರಾವುಗಳೆಲ್ಲ ಆ ವ್ಯವಸ್ಥೆಯ ಅಂಗಗಳು.

ಈ ಸಂಘಗಳು ಏನಲ್ಲ ಎಂಬುದನ್ನೂ ಹೇಳಬೇಕು. ವಕೀಲರಿಗೆ ಬಾರ್ ಕೌನ್ಸಿಲ್ ಇದೆ, ವೈದ್ಯರಿಗೆ ಅವರ ಪರಿಷತ್ತಿದೆ. ಅಲ್ಲಿ ಹೆಸರು ನೋಂದಾಯಿಸದೆ ವೃತ್ತಿ ಮಾಡುವಂತಿಲ್ಲ, ನಡತೆ ಕೆಟ್ಟರೆ ಸನದು ಹೋಗುತ್ತದೆ. ಇತಿಹಾಸಕಾರನಿಗೆ ಸನದು ಕೊಡುವವರೂ ಇಲ್ಲ, ಕಸಿಯುವವರೂ ಇಲ್ಲ. 1868ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ರಾಯಲ್ ಹಿಸ್ಟಾರಿಕಲ್ ಸೊಸೈಟಿಯಾಗಲಿ, 1884ರಲ್ಲಿ ಸ್ಥಾಪನೆಯಾದ ಅಮೆರಿಕನ್ ಹಿಸ್ಟಾರಿಕಲ್ ಅಸೋಸಿಯೇಷನ್ ಆಗಲಿ, ನಮ್ಮ ಇಂಡಿಯನ್ ಹಿಸ್ಟರಿ ಕಾಂಗ್ರೆಸ್ ಆಗಲಿ, ಎಲ್ಲವೂ ಸದಸ್ಯರು ಚಂದಾ ಕೊಟ್ಟು ಸೇರುವ ಸ್ವಯಂಪ್ರೇರಿತ ಸಂಸ್ಥೆಗಳು. ಇತರರ ಬರಹ ಕದಿಯಬಾರದು, ಸಾಕ್ಷ್ಯ ಮುಚ್ಚಿಡಬಾರದು ಎಂಬ ನಡತೆಯ ನಿಯಮಗಳನ್ನು ಅವು ಬರೆದಿಡಬಲ್ಲವು. ಮೀರಿದವನಿಗೆ ಸಿಗುವ ಶಿಕ್ಷೆ ಮಾತ್ರ ಬಹುಮಟ್ಟಿಗೆ ಸಹೋದ್ಯೋಗಿಗಳ ಅವಿಶ್ವಾಸ. ಈ ಸಡಿಲಿಕೆಯಿಂದ ಒಂದು ಲಾಭವೂ ಆಗಿದೆ. ಮುಂಬಯಿಯ ಹೈಕೋರ್ಟಿನಲ್ಲಿ ವಕೀಲಿ ಮಾಡುತ್ತಿದ್ದ ಪಾಂಡುರಂಗ ವಾಮನ ಕಾಣೆಯವರು 1953ರಲ್ಲಿ ಹಿಸ್ಟರಿ ಕಾಂಗ್ರೆಸ್ಸಿನ ಅಧ್ಯಕ್ಷರಾದರು; ಗೋವೆಯಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ್ದ ದಾಮೋದರ ಧರ್ಮಾನಂದ ಕೋಸಂಬಿ ಗಣಿತದ ಪ್ರಾಧ್ಯಾಪಕರಾಗಿದ್ದುಕೊಂಡೇ ಪ್ರಾಚೀನ ಮುದ್ರಾಂಕಿತ ನಾಣ್ಯಗಳನ್ನು ಒಂದೊಂದಾಗಿ ತೂಗಿ, ತೂಕದ ಸವೆತದಿಂದ ಅವುಗಳ ಚಲಾವಣೆಯ ಕಾಲವನ್ನು ಲೆಕ್ಕಹಾಕುವ ದಾರಿ ತೋರಿಸಿದರು. ಇತಿಹಾಸದ ಪದವಿ ಕೇಳುವ ಬಾಗಿಲು ಇದ್ದಿದ್ದರೆ ಇಬ್ಬರೂ ಹೊರಗೇ ನಿಲ್ಲಬೇಕಾಗುತ್ತಿತ್ತು.

ಪುಣೆಯ ಸದಾಶಿವ ಪೇಠೆಯಲ್ಲಿರುವ ಭಾರತ ಇತಿಹಾಸ ಸಂಶೋಧಕ ಮಂಡಳ ಹುಟ್ಟಿದ್ದೂ ಇಂಥ ಬಾಗಿಲಿಲ್ಲದ ಕಾಲದಲ್ಲಿಯೇ. ವಿಶ್ವನಾಥ ಕಾಶೀನಾಥ ರಾಜವಾಡೆ ಯಾವ ವಿಶ್ವವಿದ್ಯಾಲಯದ ನೌಕರರೂ ಅಲ್ಲ. ಊರೂರು ತಿರುಗಿ, ಹಳೆಯ ವಾಡೆಗಳ ಅಟ್ಟ ಹತ್ತಿ, ಗೆದ್ದಲು ಹಿಡಿದ ಕಾಗದಗಳನ್ನು ಬೇಡಿ ತಂದು ಅಚ್ಚು ಹಾಕಿಸಿದವರು. ಪಾಣಿಪತ್ತಿನ ಕಾಲದ ಪತ್ರಗಳಿರುವ ಅವರ ಮೊದಲ ಸಂಪುಟ 1898ರಲ್ಲಿ ಹೊರಬಂತು, ಮುಂದೆ ಆ ಮಾಲೆ 22 ಸಂಪುಟಗಳಿಗೆ ಬೆಳೆಯಿತು. ಒಬ್ಬ ಮನುಷ್ಯನ ಕಾಲು ಎಷ್ಟು ಊರು ಮುಟ್ಟಬಲ್ಲದು ಎಂಬ ಚಿಂತೆಯಿಂದಲೇ ಅವರು ಖಂಡೇರಾವ್ ಚಿಂತಾಮಣ ಮೆಹೆಂದಳೆಯವರೊಡನೆ 1910ರ ಜುಲೈ 7ರಂದು ಮಂಡಳವನ್ನು ಸ್ಥಾಪಿಸಿದರು. ಸಿಕ್ಕ ಕಾಗದವನ್ನು ಸಭೆಯಲ್ಲಿ ಓದಬೇಕು, ಓದಿದ್ದನ್ನು ಟಿಪ್ಪಣಿಯಾಗಿ ಬರೆದುಕೊಡಬೇಕು, ಟಿಪ್ಪಣಿ ಅಚ್ಚಾಗಬೇಕು, ಮೂಲ ಕಾಗದ ಮಂಡಳದ ಕಪಾಟಿನಲ್ಲಿ ಉಳಿಯಬೇಕು: ಪದ್ಧತಿ ಇಷ್ಟೇ. ರಾಜವಾಡೆಯವರ ಸ್ವಭಾವ ಮಾತ್ರ ಸಂಘಕ್ಕೆ ಒಗ್ಗುವಂಥದ್ದಲ್ಲ. ಕೆಲವೇ ವರ್ಷಗಳಲ್ಲಿ ಜೊತೆಗಾರರೊಡನೆ ಮುನಿಸಿಕೊಂಡು ಅವರು ಧುಳೆಗೆ ಹೋದರು, 1926ರ ಕೊನೆಯ ದಿನ ತೀರಿಕೊಂಡರು. ಅವರು ಹೋದ ಮೇಲೂ ಸಭೆ ನಡೆಯಿತು, ಕಪಾಟು ತುಂಬಿತು. ಸ್ಥಾಪಕನೇ ಸಿಟ್ಟಾಗಿ ಎದ್ದುಹೋದರೂ ಕೆಲಸ ನಿಲ್ಲಲಿಲ್ಲವೆಂಬುದನ್ನು ನಾನು ಆ ಪದ್ಧತಿಯ ಗೆಲುವೆಂದೇ ಎಣಿಸುತ್ತೇನೆ.

ಆ ಪದ್ಧತಿ ಹೇಗೆ ಫಲ ಕೊಡುತ್ತದೆಂಬುದಕ್ಕೆ ಶಿವಾಜಿ ಮಹಾರಾಜರ ಜನ್ಮತಿಥಿಯ ವಾದಕ್ಕಿಂತ ಒಳ್ಳೆಯ ಉದಾಹರಣೆ ಈ ಊರಿನಲ್ಲಿ ಸಿಗಲಾರದು. ಹತ್ತೊಂಬತ್ತನೆಯ ಶತಮಾನದಲ್ಲಿ ಎಲ್ಲರೂ ನಂಬಿದ್ದು ಬಖರುಗಳನ್ನು. ಬಖರು ಎಂದರೆ ಘಟನೆ ನಡೆದು ಎಷ್ಟೋ ಕಾಲದ ಮೇಲೆ ಬರೆದ ಗದ್ಯ ಕಥನ. ಅವುಗಳಲ್ಲಿ ಹಲವು ಶಕ 1549, ಪ್ರಭವ ಸಂವತ್ಸರ, ವೈಶಾಖ ಶುದ್ಧ ಬಿದಿಗೆ, ಅಂದರೆ 1627ರ ಏಪ್ರಿಲ್ ಎಂದು ಹೇಳುತ್ತಿದ್ದವು. 1916ರಲ್ಲಿ ಬಾಳ ಗಂಗಾಧರ ತಿಲಕರು ಭೋರ್ ಸೀಮೆಯ ಜೇಧೆ ಮನೆತನದಲ್ಲಿ ಸಿಕ್ಕ ಒಂದು ಶಕಾವಳಿಯನ್ನು ಮಂಡಳದ ಮುಂದೆ ತಂದರು. ಶಕಾವಳಿಯಲ್ಲಿ ಕಥೆಯಿಲ್ಲ, ಅಲಂಕಾರವಿಲ್ಲ. ಇಂಥ ಶಕೆಯ ಇಂಥ ತಿಥಿಗೆ ಇಂಥದ್ದು ನಡೆಯಿತು ಎಂಬ ಒಣ ಸಾಲುಗಳು. ಅದರಲ್ಲಿ ಜನನ ಶಕ 1551, ಶುಕ್ಲ ಸಂವತ್ಸರ, ಫಾಲ್ಗುಣ ವದ್ಯ ತೃತೀಯಾ, ಶುಕ್ರವಾರ ಎಂದಿದೆ.

ಒಂದು ಹೊಸ ಕಾಗದ ಬಂದ ಕೂಡಲೇ ಹಳೆಯದೆಲ್ಲ ಸುಳ್ಳಾಗುವುದಿಲ್ಲ. ಇಲ್ಲಿ ಮೊದಲು ನಡೆಯಬೇಕಾದದ್ದು ಒಳಗಿನ ಪರೀಕ್ಷೆ: ಶಕೆ, ಸಂವತ್ಸರ, ತಿಥಿ, ವಾರ ಇವು ನಾಲ್ಕೂ ಒಂದಕ್ಕೊಂದು ಹೊಂದುತ್ತವೆಯೇ? ಪಂಚಾಂಗದ ಲೆಕ್ಕ ಹಾಕಿದರೆ ಅದು 1630ರ ಫೆಬ್ರವರಿ 19, ಆ ದಿನ ಶುಕ್ರವಾರವೇ. ಸುಳ್ಳು ತಿಥಿ ಹೊಸೆಯುವವನಿಗೆ ವಾರ ಕೂಡಿಸುವುದು ಸುಲಭವಲ್ಲ, ಆದ್ದರಿಂದ ವಾರ ಹೊಂದಿದರೆ ಕಾಗದದ ತೂಕ ಹೆಚ್ಚುತ್ತದೆ. (ಈ ಫೆಬ್ರವರಿ 19 ಹಳೆಯ ಜೂಲಿಯನ್ ಲೆಕ್ಕದ್ದು, ಈಗ ನಾವು ಗೋಡೆಗೆ ತೂಗುಹಾಕುವ ಗ್ರೆಗೋರಿಯನ್ ಕ್ಯಾಲೆಂಡರಿಗೆ ತಂದರೆ ಮಾರ್ಚ್ 1 ಆಗುತ್ತದೆಂಬುದನ್ನು ಜಯಂತಿಯ ಮೆರವಣಿಗೆಯಲ್ಲಿ ಯಾರೂ ನೆನೆಯುವುದಿಲ್ಲ.) ಎರಡನೆಯದು ಹೊರಗಿನ ಪರೀಕ್ಷೆ: ಇದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಸಾಕ್ಷಿ ಇದನ್ನೇ ಹೇಳುತ್ತದೆಯೇ? ತಂಜಾವೂರಿನಲ್ಲಿ ಪರಮಾನಂದ ಕವಿಯ ಸಂಸ್ಕೃತ ಕಾವ್ಯದ ಪ್ರತಿ ಸಿಕ್ಕಿತು. ಶಿವಾಜಿಯ ಜೀವಿತಕಾಲದಲ್ಲೇ ರಚಿತವಾದ ಅದರಲ್ಲಿಯೂ ಇದೇ ತಿಥಿ ಇತ್ತು. ಜೋಧಪುರದ ಜಾತಕ ಸಂಗ್ರಹವೊಂದರಲ್ಲಿ ಸಿಕ್ಕ ಕುಂಡಲಿಯೂ ಇದಕ್ಕೇ ಹೊಂದಿತು. ಮಾವಳದ ಜೇಧೆ ದೇಶಮುಖರ ಮನೆ, ಕಾವೇರಿ ತೀರದ ಅರಮನೆ ಭಂಡಾರ, ಮರುಭೂಮಿಯ ಜೋಯಿಸನ ಕಟ್ಟು; ಈ ಮೂವರೂ ಕೂಡಿ ಸಂಚು ಮಾಡಿ ಒಂದೇ ತಿಥಿ ಬರೆದಿರುವ ಸಂಭವ ಕಡಿಮೆ. ಆದರೂ ವಾದ ದಶಕಗಳ ಕಾಲ ಎಳೆಯಿತು. 1966ರಲ್ಲಿ ಮಹಾರಾಷ್ಟ್ರ ಸರಕಾರ ತಜ್ಞರ ಸಮಿತಿ ನೇಮಿಸಿತು, ಅಲ್ಲಿಯೂ ಒಮ್ಮತ ಮೂಡಲಿಲ್ಲ. ಕೊನೆಗೆ ಸರಕಾರ ಫೆಬ್ರವರಿ 19ನ್ನು ಅಧಿಕೃತ ಜಯಂತಿಯಾಗಿ ಒಪ್ಪಿಕೊಂಡದ್ದು ಆ ಶತಮಾನ ಮುಗಿಯುವ ಹೊತ್ತಿಗೆ. ತಿಥಿಯ ಪ್ರಕಾರವೇ ಆಚರಿಸುವವರು ಇಂದಿಗೂ ಇರುವುದರಿಂದ ಪುಣೆಯಲ್ಲಿ ಜಯಂತಿ ವರ್ಷಕ್ಕೆರಡು ಸಲ ಬರುತ್ತದೆ. ದಿನವನ್ನು ನಿಗದಿ ಮಾಡಿದ್ದು ಸರಕಾರವಾದರೂ, ನಿಗದಿ ಮಾಡಲು ಬೇಕಾದ ಕಾಗದ, ಪಾಠ, ಆಕ್ಷೇಪ, ಉತ್ತರ ಎಲ್ಲವನ್ನೂ ಅಚ್ಚಿನಲ್ಲಿ ಸಾಲಾಗಿ ಜೋಡಿಸಿಟ್ಟದ್ದು ಸಂಶೋಧಕರ ಸಂಘಜೀವನ.

ಇಲ್ಲಿ ಅಡಿಟಿಪ್ಪಣಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಸಾಮಾನ್ಯ ಓದುಗರು ಮೊದಲು ಹಾರಿಸಿಬಿಡುವುದು ಅದನ್ನೇ. ಪುಣೆಯ ಪತ್ರಾಗಾರದಲ್ಲಿ ಪೇಶ್ವೆ ದಫ್ತರಿನ ಕಾಗದಗಳನ್ನು ಬಟ್ಟೆಯಲ್ಲಿ ಕಟ್ಟಿಟ್ಟಿದ್ದಾರೆ. ಆ ಗಂಟಿಗೆ ರುಮಾಲು ಎನ್ನುತ್ತಾರೆ. ಲೇಖಕನು ರುಮಾಲಿನ ಸಂಖ್ಯೆ, ಅದರೊಳಗಿನ ಪುಡಕೆಯ (ಸಣ್ಣ ಕಟ್ಟಿನ) ಸಂಖ್ಯೆ ಬರೆದನೆಂದರೆ, "ನನ್ನ ಮಾತು ನಂಬಬೇಡಿ, ಈ ಗಂಟು ಬಿಚ್ಚಿ ನೀವೇ ನೋಡಿ" ಎಂದಂತೆ. ಆದರೆ ಗಂಟು ಬಿಚ್ಚಲು ಬಿಡದಿದ್ದರೆ? ಸಂಘಗಳ ಇನ್ನೊಂದು ದೊಡ್ಡ ಕೆಲಸ ಶುರುವಾಗುವುದು ಇಲ್ಲಿ. ಪೇಶ್ವೆಗಳು ಹೋದ ಮೇಲೆ ಕಂಪನಿ ಸರಕಾರ ಆ ದಫ್ತರನ್ನು ಉಳಿಸಿಕೊಂಡಿದ್ದು ಇತಿಹಾಸದ ಪ್ರೀತಿಯಿಂದಲ್ಲ; ಯಾರ ಇನಾಮು ನಿಜ, ಯಾರದು ಹುಸಿ ಎಂದು ತನಿಖೆ ಮಾಡಲು. 1852ರ ಕಾಯಿದೆಯಿಂದ ಇನಾಮ್ ಕಮಿಷನ್ನಿಗೆ ಅಧಿಕಾರ ಬಂದ ಮೇಲೆ ಈ ಕಾಗದಗಳು ಕಂದಾಯದ ಅಸ್ತ್ರವಾದವು, ಹಾಗಾಗಿ ಬೀಗದೊಳಗೇ ಉಳಿದವು. ಸಂಶೋಧಕರು ದಶಕಗಳ ಕಾಲ ಬಾಗಿಲು ತಟ್ಟಿದರು. 1919ರಲ್ಲಿ ಇಂಡಿಯನ್ ಹಿಸ್ಟಾರಿಕಲ್ ರೆಕಾರ್ಡ್ಸ್ ಕಮಿಷನ್ ಸ್ಥಾಪನೆಯಾಯಿತು, ಆದರೆ ಅದು ಸರಕಾರ ನೇಮಿಸಿದ ಸಮಿತಿ, ಸದಸ್ಯರ ಸಂಘವಲ್ಲ. ಕೊನೆಗೆ ಗೋವಿಂದ ಸಖಾರಾಮ ಸರದೇಸಾಯಿಯವರ ಸಂಪಾದಕತ್ವದಲ್ಲಿ ದಫ್ತರಿನ ಆಯ್ದ ಕಾಗದಗಳು 1930ರಿಂದ 1934ರವರೆಗೆ 45 ಸಂಪುಟಗಳಾಗಿ ಬಂದವು. ಅದರ ಬೆನ್ನಿಗೇ, ಆಯ್ಕೆ ಮಾಡುವ ಅಧಿಕಾರ ಒಬ್ಬರಿಗೇ ಏಕೆ ಎಂಬ ಅಸಮಾಧಾನವೂ ಪುಣೆಯಲ್ಲಿ ಎದ್ದಿತು. ಸಂಪುಟಗಳು ಇಲ್ಲದಿದ್ದರೆ ನಾವೆಲ್ಲ ಬಡವರಾಗುತ್ತಿದ್ದೆವು, ನಿಜ. ಆದರೆ ಆರಿಸಿ ಕೊಟ್ಟದ್ದನ್ನು ಓದುವುದು ಬೇರೆ, ಆರಿಸುವ ಹಕ್ಕು ಇರುವುದು ಬೇರೆ ಎಂಬ ಪುಣೆಯವರ ತಕರಾರು ನನಗೆ ಇಂದಿಗೂ ಸರಿಯೆಂದೇ ತೋರುತ್ತದೆ.

ಈ ಹಿನ್ನೆಲೆಯಲ್ಲಿಯೇ, 1935ರ ಜೂನಿನಲ್ಲಿ, ಮಂಡಳದ ರಜತ ಮಹೋತ್ಸವದ ಸಂದರ್ಭದಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಟ್ಟದ ಸಭೆ ಸೇರಿತು. ಓಡಾಡಿ ಏರ್ಪಾಡು ಮಾಡಿದವರು ದತ್ತೋ ವಾಮನ ಪೋತದಾರ, ಅಧ್ಯಕ್ಷತೆ ವಹಿಸಿದವರು ಶಫಾಅತ್ ಅಹ್ಮದ್ ಖಾನ್. ಆಗ ಅದರ ಹೆಸರು ಆಲ್ ಇಂಡಿಯಾ ಮಾಡರ್ನ್ ಹಿಸ್ಟರಿ ಕಾಂಗ್ರೆಸ್. 1938ರಲ್ಲಿ ಅಲಹಾಬಾದಿನಲ್ಲಿ ಎರಡನೆಯ ಸಲ ಸೇರಿದಾಗ ಎಲ್ಲ ಕಾಲಗಳನ್ನೂ ಒಳಗೊಂಡು ಇಂಡಿಯನ್ ಹಿಸ್ಟರಿ ಕಾಂಗ್ರೆಸ್ ಆಯಿತು. ಅಧಿವೇಶನ ಸಾಮಾನ್ಯವಾಗಿ ಡಿಸೆಂಬರ್ ಕೊನೆಯಲ್ಲಿ, ಪ್ರತಿ ಸಲ ಬೇರೆ ವಿಶ್ವವಿದ್ಯಾಲಯದ ಆತಿಥ್ಯದಲ್ಲಿ ನಡೆಯುತ್ತದೆ. ಒಬ್ಬ ಸರ್ವಾಧ್ಯಕ್ಷರು, ಪ್ರಾಚೀನ, ಮಧ್ಯಕಾಲೀನ, ಆಧುನಿಕ, ಇತರ ದೇಶಗಳು, ಪುರಾತತ್ವ ಮೊದಲಾದ ವಿಭಾಗಗಳಿಗೆ ಬೇರೆ ಬೇರೆ ಅಧ್ಯಕ್ಷರು, ಮಂಡಿಸಿದ ಪ್ರಬಂಧಗಳಲ್ಲಿ ಆಯ್ದವು ನಡಾವಳಿಯ ಸಂಪುಟದಲ್ಲಿ ಅಚ್ಚಾಗುತ್ತವೆ, ಸದಸ್ಯರ ಸಭೆಯಲ್ಲಿ ಪಠ್ಯಪುಸ್ತಕ, ಸ್ಮಾರಕ ರಕ್ಷಣೆ, ಪತ್ರಾಗಾರಗಳ ಸ್ಥಿತಿಯಂಥ ವಿಷಯಗಳ ಮೇಲೆ ಠರಾವು ಆಗುತ್ತದೆ. ಸ್ವಂತ ಸಭಾಭವನ ಇಲ್ಲದೆ ಆತಿಥ್ಯದ ಮೇಲೆ ನಡೆಯುವ ಸಂಘಕ್ಕೆ ಇರುವ ಅಪಾಯವೂ ಪುಣೆಯಲ್ಲೇ ಕಂಡಿತು: 2018ರ ಡಿಸೆಂಬರಿನಲ್ಲಿ ಇಲ್ಲಿ ನಡೆಯಬೇಕಿದ್ದ 79ನೆಯ ಅಧಿವೇಶನವನ್ನು ಆತಿಥೇಯ ವಿಶ್ವವಿದ್ಯಾಲಯ ಹಣದ ಕಾರಣ ಹೇಳಿ ಕೈಬಿಟ್ಟಿತು, ಅದು 2019ರ ಫೆಬ್ರವರಿಯಲ್ಲಿ ಭೋಪಾಲದಲ್ಲಿ ನಡೆಯಿತು. ಹುಟ್ಟಿದ ಮನೆಯ ಹೊಸ್ತಿಲಿನಿಂದಲೇ ಹೀಗೆ ಮರಳಬೇಕಾಯಿತು.

ಕನ್ನಡ ಓದುಗರಿಗೆ ಇದೆಲ್ಲ ದೂರದ ಮಾತೆನ್ನಿಸಬಾರದು. ನಮ್ಮ ಶಾಸನಗಳ ವ್ಯವಸ್ಥಿತ ಓದಿನ ಒಂದು ಪಾಲು ಮುಂಬಯಿಯ ದಾರಿಯಲ್ಲಿಯೇ ಬಂದಿದೆ. 1872ರಲ್ಲಿ ಜೇಮ್ಸ್ ಬರ್ಜೆಸ್ ಮುಂಬಯಿಯಲ್ಲಿ ಶುರುಮಾಡಿದ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಮುಂಬಯಿ ಸರಕಾರದ ಅಧಿಕಾರಿ ಜಾನ್ ಫೇಥ್‌ಫುಲ್ ಫ್ಲೀಟ್ ಕನ್ನಡ ಶಾಸನಗಳನ್ನು ಒಂದರ ಮೇಲೊಂದು ಪ್ರಕಟಿಸಿದರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿ ಹೋದ ಆಲೂರು ವೆಂಕಟರಾಯರು ಧಾರವಾಡದಲ್ಲಿ ಕರ್ನಾಟಕದ ಇತಿಹಾಸಕ್ಕೆಂದೇ ಮಂಡಳ ಕಟ್ಟಿದಾಗ, ಪುಣೆಯ ಮಾದರಿ ಕಣ್ಣಿಗೆ ಕಂಡ ದೂರದಲ್ಲಿಯೇ ಇತ್ತು.

ಇನ್ನು ಭಾಷೆಯ ಗಡಿ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ "ಶ್ರೀ ಚಾವುಂಡರಾಜೇಂ ಕರವಿಯಲೇಂ" ಎಂಬ ಮರಾಠಿ ಸಾಲಿದೆ, ಪಕ್ಕದಲ್ಲೇ ಕನ್ನಡದಲ್ಲಿ "ಶ್ರೀ ಚಾವುಂಡರಾಜಂ ಮಾಡಿಸಿದಂ" ಎಂದಿದೆ. ಬಹಳ ಕಾಲ ಮರಾಠಿಯ ಅತಿ ಹಳೆಯ ಶಾಸನವೆಂದರೆ ಕನ್ನಡ ನಾಡಿನ ಈ ಸಾಲೇ ಎಂದು ಮರಾಠಿ ಮಕ್ಕಳು ಪಾಠದಲ್ಲಿ ಓದಿದರು. ಮುಂದೆ, ಅದರ ಕೆಳಗೆ ಹನ್ನೆರಡನೆಯ ಶತಮಾನದ ಗಂಗರಾಜನ ಹೆಸರಿನ ಸಾಲೂ ಇರುವುದರಿಂದ ಎರಡನ್ನೂ ಒಟ್ಟಿಗೇ ಕೊರೆದಿರಬಹುದು ಎಂಬ ಆಕ್ಷೇಪ ಬಂತು. ಇತ್ತ ಅಲಿಬಾಗದ ಹತ್ತಿರದ ಅಕ್ಷಿಯ ಕಲ್ಲನ್ನು ಶಂಕರ ಗೋಪಾಳ ತುಳಪುಳೆ ಶಕ 934, ಅಂದರೆ 1012 ಎಂದು ಓದಿದರು. ಆ ಓದನ್ನೂ ಒಪ್ಪದವರಿದ್ದಾರೆ. ಪಂಢರಪುರದಲ್ಲಿ 1237ರ ಹೊಯ್ಸಳ ಸೋಮೇಶ್ವರನ ಶಾಸನ ಆ ಊರನ್ನು "ಪಂಡರಗೆ" ಎನ್ನುತ್ತದೆ. ಇವನ್ನು ಬೀದಿಯಲ್ಲಿ ವಾದಕ್ಕಿಟ್ಟರೆ ಊರು ಯಾರದು, ದೇವರು ಯಾರವನು ಎಂಬ ಜಗಳವಾಗುತ್ತದೆ. ಸಂಘದ ಸಭೆಯಲ್ಲಿಟ್ಟರೆ ವಾದ ಅಕ್ಷರದ ಬಾಗು, ಅಂಕಿಯ ಆಕಾರ, ಪ್ರತ್ಯಯದ ರೂಪಗಳಿಗೆ ಇಳಿಯುತ್ತದೆ. ಅಲ್ಲಿಯೂ ದನಿ ಏರುವುದುಂಟು, ಆದರೆ ಕಲ್ಲಿನ ಪಡಿಯಚ್ಚು ಮೇಜಿನ ಮೇಲೆ ಇರುತ್ತದೆ.

ಗೋವೆಯಲ್ಲಿ ಈ ಗಡಿ ಇನ್ನೂ ತೆಳು. ಪಣಜಿಯ ಪತ್ರಾಗಾರದ ಬೇರು 1595ರಲ್ಲಿ ದಿಯೋಗು ದು ಕೌತು ಮೊದಲ ಪಾಲಕನಾಗಿ ನೇಮಕವಾದಲ್ಲಿಗೆ ಹೋಗುತ್ತದೆ. ಅಲ್ಲಿ ಪೋರ್ಚುಗೀಸ್ ಕಡತಗಳ ನಡುವೆ ಗೋಯ್ಕಾನಡಿ ಎಂದು ಕರೆಯುವ, ಹಳೆಯ ಕನ್ನಡ ಲಿಪಿಯ ದಾಯಾದಿಯಾದ ಲಿಪಿಯಲ್ಲಿ ಬರೆದ ಕೊಂಕಣಿ ಮರಾಠಿ ಕಾಗದಗಳಿವೆ. ಪೋರ್ಚುಗೀಸ್ ಬಲ್ಲವರಿಗೆ ಆ ಲಿಪಿ ಬರುವುದಿಲ್ಲ, ಲಿಪಿಯ ಚಹರೆ ಗುರುತಿಸುವ ಕನ್ನಡಿಗರಿಗೆ ಆ ಭಾಷೆ ಪೂರ್ತಿ ತಿಳಿಯುವುದಿಲ್ಲ. ಇಬ್ಬರನ್ನೂ ಒಂದು ಕೋಣೆಯಲ್ಲಿ ಕೂಡಿಸುವ ಕೆಲಸವನ್ನು 1978ರಲ್ಲಿ ಗೋವೆಯಲ್ಲಿ ಮೊದಲ ಸಲ ನಡೆದ ಇಂಡೋ-ಪೋರ್ಚುಗೀಸ್ ಇತಿಹಾಸದ ಅಂತರರಾಷ್ಟ್ರೀಯ ಗೋಷ್ಠಿಯಂಥ ಕೂಟಗಳು ಮಾಡುತ್ತವೆ.

ಕೊರತೆಗಳೂ ಉಂಟು. ಅಧಿವೇಶನಗಳಲ್ಲಿ ಬಡ್ತಿಯ ಅಂಕಕ್ಕಾಗಿ ಹತ್ತು ನಿಮಿಷದಲ್ಲಿ ಓದಿ ಮುಗಿಸುವ ಪ್ರಬಂಧಗಳ ಸಂತೆ ನೆರೆಯುತ್ತದೆ. ಪ್ರಶ್ನೆ ಕೇಳುವ ಹೊತ್ತಿಗೆ ಊಟದ ಗಂಟೆ ಹೊಡೆದಿರುತ್ತದೆ. ದೇಶಭಾಷೆಗಳಲ್ಲಿ ಮಾತ್ರ ಬರೆಯುವವರಿಗೆ ಅಖಿಲ ಭಾರತ ವೇದಿಕೆಯಲ್ಲಿ ಜಾಗ ಕಡಿಮೆ, ರಾಜವಾಡೆಯವರು ಹಟಹಿಡಿದು ಮರಾಠಿಯಲ್ಲೇ ಬರೆದದ್ದು ಇಂದಿನ ನಿಯಮಗಳಲ್ಲಿ ಅವರಿಗೇ ಮುಳುವಾಗುತ್ತಿತ್ತು. ಇನ್ನು ಸಿಟ್ಟಿಗೆದ್ದ ಗುಂಪಿನ ಮುಂದೆ ಠರಾವು ಬರಿಯ ಕಾಗದ: 2004ರ ಜನವರಿ 5ರಂದು ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರಕ್ಕೆ ನುಗ್ಗಿದವರು ಪುಸ್ತಕ ಹಸ್ತಪ್ರತಿಗಳನ್ನು ಚೆಲ್ಲಾಡಿ ಹೋದ ಮೇಲೆ, ವಿದ್ವಾಂಸರಿಗೆ ಉಳಿದದ್ದು ಹಾಳೆಗಳನ್ನು ಹೆಕ್ಕಿ ಮತ್ತೆ ಕಟ್ಟು ಕಟ್ಟುವ ಕೆಲಸ.

ನಮ್ಮ ಕಟ್ಟಡದ ಹಿರಿಯರು ಮೂಲ ಕಾಗದವನ್ನು ಯಾರಿಗೂ ಕೊಡಲು ಒಪ್ಪಲಿಲ್ಲ. ಅದು ಅವರ ಟ್ರಂಕಿನಲ್ಲೇ ಇದೆ. ಛಾಯಾಚಿತ್ರ ತೆಗೆಯಲು ಮಾತ್ರ ಬಿಟ್ಟರು. ಲಿಪ್ಯಂತರದ ಜೊತೆ ಅದು ಈಗ ಆಸಕ್ತರ ಕೈಗೆ ಸಿಗುವಂತಾಗಿದೆ, ಮತ್ತು ಅದರ ಮೇಲೆ ನಾನು ಬರೆದಿದ್ದ 1777ನ್ನು ಹೊಡೆದು ಪಕ್ಕದಲ್ಲಿ ಪೆನ್ಸಿಲಿನಿಂದ 1776 ಎಂದು ಬರೆದಿದೆ. ಇನಾಮು ಕೊಟ್ಟ ಹೊಲದ ಹೆಸರನ್ನು ನಾನು ಓದಿದ ಬಗೆಯನ್ನು ಸಾಂಗ್ಲಿಯ ಓದುಗರೊಬ್ಬರು ಒಪ್ಪಿಲ್ಲ. ಅವರ ಪತ್ರ ಬಂದಿದೆ, ಉತ್ತರ ಇನ್ನೂ ಬರೆದಿಲ್ಲ.